ಸಾಕುತಾಯಿ

ಚಿಕ್ಕಂದಿನಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಮೂಗಿಗೆ ಬಡಿಯುತ್ತಿದ್ದ ಇಲಿ ವಾಸನೆಯೇ ಪ್ರಯೋಗಾಲಯದಲ್ಲೂ ಇತ್ತು. ಅದರಿಂದ ಸಂಶೋಧಕಿ ವಾರಿಜಾಳ ಊಟ ಎಂದೂ ತಪ್ಪಿರಲಿಲ್ಲ. ಇವತ್ತು ತಪ್ಪಿತ್ತು, ಸಂತೋಷಕ್ಕೆ.

ಇಲಿಗಳಿಗೆ ಕ್ಯಾನ್ಸರ್ ತರುವ ಒಂದು ವೈರಸ್ ತಾಯಿಯ ಹಾಲಿನಿಂದ ಮರಿಗೆ ಬರುತ್ತದೆಂದು ಎಲ್ಲರೂ ಬಲ್ಲರು. ಗರ್ಭದಲ್ಲೇ ಬರುತ್ತದೆ ಎಂಬುದು ಅವಳ ವಾದ. ಅದಕ್ಕೇ ಮರಿಗಳನ್ನು ಹುಟ್ಟಿದ ಕೂಡಲೇ ರೋಗದ ತಾಯಿಯಿಂದ ಬಿಡಿಸಿ, ಆರೋಗ್ಯವಾಗಿದ್ದ ಸಾಕುತಾಯಿಯ ಗೂಡಿಗೆ ಹಾಕಿಸಿದ್ದಳು. ಈಗ ಬೆಳೆದುನಿಂತ ಆ ಮರಿಗಳ ಅಂಡಾಶಯದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ, ವೈರಸ್ ಸಾಸಿವೆ ಚೆಲ್ಲಿದಂತೆ ಕಂಡಿತ್ತು.

"ಗೆದ್ದೆ ದೇವೀರಮ್ಮ! ಹೆತ್ತ ತಾಯಿ ಹಾಲು ಕುಡೀದೇನೇ ಮರಿಗಳಿಗೆ ವೈರಸ್ ಬಂದಿದೆ. ನಾಳೆ ಎಲ್ಲರ ಮುಂದೆ ಹೇಳ್ತೀನಿ."

ಇಲಿಗಳನ್ನು ನೋಡಿಕೊಳ್ಳುವ ದೇವೀರಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ಕುಡೀದೆ ಎಲ್ಲಿ ಬಂತವ್ವಾ? ಆ ಸಾಕವ್ವ ಮರಿಗಳ್ನ ಕಚ್ಚಾಕೆ ಬಂದ್ಳು. ನಾನೇ ದಿನಾ ಹೆತ್ತವ್ಳ ತಾವ ಬಿಟ್ಟು, ಹಾಲು ಕುಡಿಸ್ಕೊಂಡು ತತ್ತಿದ್ದೆ."

ವಾರಿಜಾ ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು; ದೇವೀರಮ್ಮ ಹಿಂದೆಯೇ ಬಂದರು. "ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಬಯ್ತಿದ್ರಿ. ಅವು ಹಸ್ಕೊಂಡಿದ್ವಲ್ಲ, ಏನ್ ಮಾಡ್ಲಿ?"

ದೇವೀರಮ್ಮ ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು, ಮುದ್ದೆಯಲ್ಲಿ ಅರ್ಧ ಮುರಿದು ಅದರಲ್ಲಿಟ್ಟು, ಸೊಪ್ಪಿನ ಸಾರು ಹಾಕಿ, ಅವಳ ಕೈಗಿತ್ತರು.