ಮೂರು ಸೆಕೆಂಡಿನ ಸದ್ದು

ಮಂಗಳೂರಿನ ಭರತೇಶನಿಗೆ ಹಳೆಯ ರೆಕಾರ್ಡುಗಳದ್ದೇ ವ್ಯಾಪಾರ.

ಒಮ್ಮೆ ಗುಜರಿ ಅಂಗಡಿಯಲ್ಲಿ ಅವನಿಗೊಂದು ಪ್ಲೇಟು ಸಿಕ್ಕಿತು. ನಲವತ್ತೈದು ವರ್ಷ ಹಳೆಯದು... ಜಮೈಕಾದ ರೆಗ್ಗೆ ತಾಳ, ಅದರ ಮೇಲೆ ಡಿಸ್ಕೋ ಕುಣಿತ, ಮಾತು ಮಾತ್ರ ಅಚ್ಚ ಕನ್ನಡ! ಹಾಡಿದ್ದು ಹೋಟೆಲ್ ಬ್ಯಾಂಡಿನ ಸೆವ್ರಿನ್ ಎಂಬಾಕೆ.

ಎಷ್ಟು ಹುಡುಕಿದರೂ ಇನ್ನೊಂದು ಪ್ರತಿ ಸಿಗಲಿಲ್ಲ.

ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ, ಸೌಂಡ್ ಎಂಜಿನಿಯರನಿಂದ ಬೇಡದ ಸದ್ದನ್ನೆಲ್ಲ ತೆಗೆಸಿ, ಭರತೇಶ ಹೊಸ ರೆಕಾರ್ಡು ಮಾಡಿಸಿದ. ಹಳೆಯ ಪ್ಲೇಟನ್ನು ಒಡೆದು, ಒಂದೊಂದು ಚೂರನ್ನು ಒಂದೊಂದು ಕವರಿಗೆ ಅಂಟಿಸಿದ... ಸ್ಪೆಷಲ್ ಎಡಿಷನ್!

ಗಾಯಕಿಯನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. ಕವರಿನ ಮೇಲೆ 'ದಿವಂಗತ ಸೆವ್ರಿನ್' ಎಂದು ಹಾಕಿಸಿದ. ಸತ್ತವರ ಹಾಡಿಗೆ ಬೇಡಿಕೆ ಜಾಸ್ತಿ ಎಂದು ಅವನಿಗೆ ಗೊತ್ತಿತ್ತು.

ಬಿಡುಗಡೆಯ ದಿನ ವೇದಿಕೆಯಲ್ಲಿ ಹಳೆಯ ಕವರಿನಿಂದ ತೆಗೆದ ಆಕೆಯ ಫೋಟೋ, ಅದಕ್ಕೆ ಗಂಧದ ಹಾರ, ಮುಂದೆ ದೀಪ...

ಆಗ ಮುದುಕಿಯೊಬ್ಬರು ಮೆಲ್ಲಗೆ ಹತ್ತಿರ ಬಂದರು. ಗಂಟಲಿನ ಮೇಲೆ ಆಪರೇಷನ್ನಿನ ಗುರುತು. ದನಿ ಬರೀ ಪಿಸುಮಾತು.

"ಸೆವ್ರಿನ್ ನಾನೇ ಮಗಾ..."

ಭರತೇಶ ನಕ್ಕ. "ಎಂತ ಬಾಯಮ್ಮ, ಹಾರ ಹಾಕಿ ಆಯ್ತು, ಈಗ ಎದ್ದು ಬಂದ್ರೆ ಹೇಗೆ? ನೀವೇ ಆದ್ರೆ ಎರಡು ಸಾಲು ಹಾಡಿ ನೋಡುವ!"

ಆಕೆ ಬಾಯಿ ತೆರೆದರು... ಬಂದದ್ದು ಗಾಳಿ ಮಾತ್ರ. ಸಭೆ ಗೊಳ್ಳೆಂದಿತು.

"ಹಾಡ್ಲಿಕ್ಕೆ ಆಗುದಿಲ್ಲ. ನಂಗೆ ಎಂತದೂ ಬೇಡ. ಎರಡನೇ ಬದಿಯ ಕೊನೆ ಒಂದ್ಸಲ ಕೇಳಿಸ್ತೀಯಾ? ನನ್ನ ಪ್ಲೇಟು ನೆರೆಯಲ್ಲಿ ಹೋಯ್ತು."

ಸಾಗಹಾಕಿದರೆ ಸಾಕೆಂದು ಅವನು ಹಾಕಿಸಿದ. ಹಾಡು ಮುಗಿಯಿತು. ಆಕೆ ಸ್ಪೀಕರಿಗೆ ಕಿವಿಯಿಟ್ಟು ಕಾದರು... ಕಾದೇ ಕಾದರು.

"ಮಗು ಎಲ್ಲಿ?"

ಭರತೇಶನ ನಗು ನಿಂತಿತು.

"ಕೊನೆಗೆ ನನ್ನ ಮಗಳು ಅತ್ತದ್ದು ಉಂಟಲ್ಲ... ಮೂರು ತಿಂಗಳ ಕೂಸು. ನೋಡ್ಲಿಕ್ಕೆ ಜನ ಇಲ್ಲದೆ ಸ್ಟುಡಿಯೋಗೆ ಎತ್ಕೊಂಡು ಹೋಗಿದ್ದೆ. ಅದೇ ವರ್ಷ ಜ್ವರ ಬಂದು ತೀರಿಕೊಂಡಳು. ಅವಳದ್ದೊಂದು ಫೋಟೋ ಸಹ ಇಲ್ಲ ಮಗಾ..."

ಆ ಅಳು ಮೂರೇ ಸೆಕೆಂಡು. "ಈ ಪಿರಿಪಿರಿ ತೆಗೀರಿ ಮಾರಾಯ್ರೆ" ಎಂದಿದ್ದವನು ಅವನೇ. ಅವನನ್ನೂ ಎಂಜಿನಿಯರನ್ನೂ ಬಿಟ್ಟರೆ ಅದು ತಿಳಿದಿರಬಹುದಾದದ್ದು ಹಾಡಿದವಳಿಗೆ ಮಾತ್ರ...

ಎಂಜಿನಿಯರಿಗೆ ಫೋನ್ ಮಾಡಿದ. "ಮೊದಲಿನ ಫೈಲು ಉಂಟಾ?"

"ಅಳಿಸಿ ಅಂತ ನೀವೇ ಹೇಳಿದ್ದಲ್ವಾ ಸರ್? ಯಾರಾದ್ರೂ ಕದೀತಾರೆ ಅಂತ..."

ಭರತೇಶ ತಲೆ ತಗ್ಗಿಸಿ, ಹೊಸ ರೆಕಾರ್ಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಆಕೆ ಕವರಿಗಂಟಿದ್ದ ಕಪ್ಪು ಚೂರನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿಕೊಂಡರು. ರೆಕಾರ್ಡನ್ನು ವಾಪಸು ಕೊಟ್ಟರು.

"ಅದ್ರಲ್ಲಿ ನಾನೊಬ್ಳೇ ಇರುದು. ನಂಗೆ ಇದು ಸಾಕು... ಅವಳು ಈ ಚೂರಲ್ಲೇ ಇದ್ರೂ ಇರ್ಬಹುದು."

ವೇದಿಕೆಯ ಮೇಲೆ ಅವರ ಫೋಟೋದ ಮುಂದೆ ದೀಪ ಉರಿಯುತ್ತಲೇ ಇತ್ತು...

ನಮಗೆ ಬರೀ ಸದ್ದೆನಿಸುವುದು, ಇನ್ನೊಬ್ಬರ ಪಾಲಿಗೆ ಉಳಿದಿರುವ ಒಂದೇ ದನಿಯಾಗಿರಬಹುದು.

ಇವತ್ತು ನೀವು ಬೇಡವೆಂದು ಅಳಿಸಿದ್ದು ಯಾರದ್ದು... ಅಳಿಸುವ ಮೊದಲು ಒಂದು ಮಾತು ಕೇಳಿದ್ದಿರಾ?