ಅಕ್ಕನ ಸುರುಳಿ ಕಲ್ಲು

ಒದ್ದೆ ವಿಭೂತಿಯ ವಾಸನೆ ಬಂದರೆ ಈಗಲೂ ನನಗೆ ಅಕ್ಕನ ಮೇಲೆ ಸಿಟ್ಟು ಬರುತ್ತದೆ.

ನಾವು ಚಿಕ್ಕವರಿದ್ದಾಗ ಒಂದು ಮಧ್ಯಾಹ್ನ, ಲಾರಿ ಓಡಿಸುವ ಮಾವ ತೆರಕಣಾಂಬಿಯ ನಮ್ಮ ಮನೆಗೆ ಬಂದವನು, ತಮಿಳುನಾಡಿನ ಸುಣ್ಣಕಲ್ಲಿನ ಗಣಿಯಲ್ಲಿ ಸಿಕ್ಕ ಸುರುಳಿ ಕಲ್ಲನ್ನು ಅಕ್ಕನಿಗೆ ಕೊಟ್ಟ. “ಅಲ್ಲಿ ಇಂದೆ ಸಮುದ್ರ ಇತ್ತಂತೆ ಕಣಮ್ಮಿ. ಅದ್ರೊಳಗಿನ ಶಂಕದ ಉಳ ಇದು, ಕಲ್ಲಾಗ್ಬುಟ್ಟದೆ.” ನನಗೆ ಬರೀ ಕಡಲೆಮಿಠಾಯಿ. ಕಲ್ಲಿನ ಗೀರುಗಳ ಮೇಲೆ ಬೆರಳಾಡಿಸಲೂ ಅಕ್ಕ ಬಿಡಲಿಲ್ಲ.

ಅಜ್ಜಿ ಅದನ್ನು ಕಿತ್ತುಕೊಂಡು ನೋಡಿದಳು. “ಸುತ್ಕೊಂಡ್ ಮಲಗಿರೋ ನಾಗಪ್ಪ ಕಣಮ್ಮಿ, ಆಟಕ್ಕಲ್ಲ” ಎಂದು ವಿಭೂತಿ ಬಳಿದು ದೇವರ ಗೂಡಿನಲ್ಲಿಟ್ಟಳು. ಅಕ್ಕ ಅತ್ತಳು. ನಾನು ಅವಳೆದುರೇ ಮಿಠಾಯಿಯನ್ನು ಕಟಕಟ ಕಡಿದೆ.

“ಅಳ್ಬೇಡ ಸುಮ್ಕಿರು,” ಅಂದಳು ಅಜ್ಜಿ. “ನಿನ್ ಕೈಗ್ ಬಂದ ದೇವ್ರು. ದಿನಾ ನೀನೇ ತೊಳ್ದು ಪೂಜೆ ಮಾಡು. ನಿನ್ ತಂಗಿ ನೀರಾಕ್ತಾಳೆ.”

ಅಕ್ಕ ಕಣ್ಣೊರೆಸಿಕೊಂಡು, ಗೂಡಿನಿಂದ ಕಲ್ಲನ್ನು ತೆಗೆದು ಅಂಗೈಯಲ್ಲಿಟ್ಟು, ನೀರು ಹಾಕೆಂದು ನನ್ನತ್ತ ಚಾಚಿದಳು. ಚೊಂಬಿನ ನೀರನ್ನೆಲ್ಲ ಅವಳ ಲಂಗಕ್ಕೇ ಸುರಿದೆ.