ಬೇರೆ ತಟ್ಟೆ

ಗಂಡನ ದೊಡ್ಡಮ್ಮ ಮಸ್ಕತ್ತಿಗೆ ಬರುತ್ತಾರೆಂದು ತಿಳಿದ ದಿನ ಕಸ್ತೂರಿಗೆ ಹಬ್ಬ ಬಂದಂತಾಯಿತು. ಮದುವೆಯ ಹೊಸತರಲ್ಲಿ ಅದೇ ದೊಡ್ಡಮ್ಮ, ಬೇರೆ ಜಾತಿಯ ಸೊಸೆಯೆಂದು ಅವಳನ್ನು ಪಂಕ್ತಿಯಿಂದ ಎಬ್ಬಿಸಿ, ಹಿತ್ತಿಲ ಬಾಗಿಲ ಬಳಿ ಎಲೆ ಹಾಕಿಸಿದ್ದರು. ಉಂಡೆಲೆಯನ್ನು ಅವಳಿಂದಲೇ ಎತ್ತಿಸಿದ್ದರು. ಆ ತುತ್ತು ಇಂದಿಗೂ ಅವಳ ಗಂಟಲಿನಿಂದ ಇಳಿದಿರಲಿಲ್ಲ.

ಅವರು ಬಂದಿಳಿದ ದಿನ ಊಟದ ಹೊತ್ತಿಗೆ ಮನೆಯವರಿಗೆಲ್ಲ ಮೇಜಿನ ಮೇಲೆ ಸ್ಟೀಲ್ ತಟ್ಟೆ ಇಟ್ಟಳು. ದೊಡ್ಡಮ್ಮನಿಗೆ ಬಾಲ್ಕನಿ ಬಾಗಿಲ ಬಳಿ ಒಂಟಿ ಕುರ್ಚಿ, ಪೇಪರ್ ತಟ್ಟೆ, ಪೇಪರ್ ಲೋಟ.

“ಏನೇ ಇದು? ಅವರೇನು ಹೊರಗಿನವರಾ?” ಗಂಡ ಪಿಸುಗುಟ್ಟಿದ.

“ನಾನು ಹೊರಗಿನವಳಾಗಿದ್ದಾಗ ನೀವು ತಲೆ ಬಗ್ಗಿಸ್ಕೊಂಡು ಪಾಯಸ ಉಣ್ತಿದ್ರಿ. ಈಗ್ಲೂ ಹಾಗೇ ಉಣ್ಣಿ.”

ಕಸ್ತೂರಿ ಕೈ ಸೋಕದಂತೆ ಮೇಲಿನಿಂದಲೇ ಸಾರು ಸುರಿದಳು. ದೊಡ್ಡಮ್ಮ ಕಲಸಿಕೊಂಡು ಉಂಡರು.

“ತಟ್ಟೆ ನೀವೇ ಎತ್ತಿ ಕಸದ ಡಬ್ಬಕ್ಕೆ ಹಾಕ್ಬಿಡಿ, ದೊಡ್ಡಮ್ಮ.”

ಮುದುಕಿ ಮಂಡಿ ಹಿಡಿದುಕೊಂಡು ಎದ್ದರು, ಎತ್ತಿ ಹಾಕಿದರು. ತಿರುಗಿದಾಗ ಅವರ ಕಣ್ಣಲ್ಲಿ ನೀರಿತ್ತು. ಕಸ್ತೂರಿ ಅದನ್ನು ಮನದಣಿಯೆ ನೋಡಿದಳು.

“ನೂರು ವರ್ಷ ಬಾಳು ತಾಯಿ,” ಎಂದರು ದೊಡ್ಡಮ್ಮ, ದೂರ ನಿಂತೇ. “ಪರದೇಶ, ನಿನ್ನ ಕೈಯಡುಗೆ ಹೇಗೋ ನಡೆಯುತ್ತೆ ಅಂದ್ಕೊಂಡೆ. ಆದ್ರೆ ನಿನ್ನ ಪಕ್ಕ ಕೂತು ಉಣ್ಣೋದು ಹೇಗಪ್ಪಾ ಅಂತ ವಿಮಾನದಲ್ಲಿ ದಾರಿಯುದ್ದಕ್ಕೂ ಸಂಕಟಪಟ್ಟೆ. ಬಾಯಿಬಿಟ್ಟು ಕೇಳೋ ಮೊದ್ಲೇ ಯಾರ ಎಂಜಲೂ ಸೋಕದ ತಟ್ಟೇಲಿ ಬೇರೆ ಬಡಿಸಿ ನನ್ನ ಮಡಿ ಉಳಿಸ್ಬಿಟ್ಟೆ!”